ಮಾರ್ಗದರ್ಶಕರ ಸಮಯ, ಸಂಶೋಧಕರ ಸಮಯ

ಕೇಳುಗರಿಗೆ ನಮಸ್ಕಾರ.

ಸಂಶೋಧನಾ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ನನ್ನ ಮಹಾಪ್ರಬಂಧದ ಎರಡನೆಯ ಅಧ್ಯಾಯದ ಕರಡನ್ನು ಮಾರ್ಗದರ್ಶಕರ ಮೇಜಿನ ಮೇಲೆ ಇಟ್ಟು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. 52 ಪುಟ, ಟ್ಯಾಗ್ ಹಾಕಿ ಕಟ್ಟಿದ ರಟ್ಟಿನ ಕಡತ. ಅದು ನನ್ನ ಕೈಗೆ ಮರಳಿದ್ದು ಏಳು ತಿಂಗಳ ನಂತರ. ಮೂರನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ವಿಸ್ತರಿಸಿ’ ಎಂದು ಬರೆದಿತ್ತು. ಅಲ್ಲಿಂದ ಮುಂದಿನ 49 ಪುಟಗಳ ಅಂಚು ನಾನು ಕೊಟ್ಟಾಗ ಹೇಗಿತ್ತೋ ಹಾಗೆಯೇ ಖಾಲಿಯಾಗಿತ್ತು. ಅವರು ವಿದ್ವಾಂಸರು, ಸಜ್ಜನರು; ಆದರೆ ಅವರ ಕೈಕೆಳಗೆ ಆಗ ಎಷ್ಟು ಮಂದಿ ಸಂಶೋಧಕರಿದ್ದಾರೆ ಎಂದು ಯಾರಾದರೂ ಕೇಳಿದ್ದರೆ ಅವರೂ ಬೆರಳು ಮಡಚಿ ಎಣಿಸಬೇಕಾಗುತ್ತಿತ್ತು. ಕೋಪದಲ್ಲಿ ಗ್ರಂಥಾಲಯಕ್ಕೆ ಹೋಗಿ ಪಿಎಚ್.ಡಿ. ನಿಯಮಾವಳಿಯ ಪುಸ್ತಕವನ್ನು ತೆಗೆದು ಓದಿದೆ. ಶುಲ್ಕವನ್ನು ಎಷ್ಟು ದಿನದೊಳಗೆ ಕಟ್ಟಬೇಕು, ತಡವಾದರೆ ದಂಡವೆಷ್ಟು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿತ್ತು. ಕರಡನ್ನು ಎಷ್ಟು ದಿನದೊಳಗೆ ಓದಿ ಮರಳಿಸಬೇಕು ಎಂಬ ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ.

ಈಗ ನಾನೇ ಆ ಮೇಜಿನ ಇನ್ನೊಂದು ಬದಿಗೆ ಕುಳಿತಿದ್ದೇನೆ. ಡಾಕ್ಟರೇಟ್ ಅಧ್ಯಯನದ ಮಾರ್ಗದರ್ಶನವನ್ನು ಕುರಿತ ನಿಯಮಗಳನ್ನು, ನಮ್ಮ ದೇಶದವನ್ನೂ ಹೊರದೇಶಗಳವನ್ನೂ, ಓದುತ್ತ ಬಂದ ಹಾಗೆಲ್ಲ ನನಗೆ ಒಂದು ಸಂಗತಿ ಮನದಟ್ಟಾಗುತ್ತ ಬಂದಿದೆ. ಈ ನಿಯಮಗಳು ಹೊರನೋಟಕ್ಕೆ ಅರ್ಹತೆ, ಸಂಖ್ಯೆ, ಸಮಿತಿ, ನಮೂನೆಗಳ ವಿಷಯ ಮಾತನಾಡುತ್ತವೆಯಾದರೂ ಅವುಗಳ ನಿಜವಾದ ವಸ್ತು ಸಮಯ: ಮಾರ್ಗದರ್ಶಕರ ಸಮಯ ಎಷ್ಟು ಜನಕ್ಕೆ ಹಂಚಿಕೆಯಾಗಬೇಕು, ಸಂಶೋಧಕರ ಸಮಯದ ಮೇಲೆ ಯಾರಿಗೆ ಎಷ್ಟು ಅಧಿಕಾರ ಇರಬೇಕು ಎಂಬ ಎರಡು ಪ್ರಶ್ನೆಗಳು.

ಮಾರ್ಗದರ್ಶಕರ ಮತ್ತು ಸಂಶೋಧಕರ ಸಂಬಂಧ ಈ ನಿಯಮಗಳಿಗಿಂತ ಹಳೆಯದು. ಸ್ವತಂತ್ರ ಸಂಶೋಧನೆಯನ್ನೇ ಆಧಾರವಾಗಿಟ್ಟುಕೊಂಡ ಇಂದಿನ ಡಾಕ್ಟರೇಟ್ ಪದವಿ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ, 1810ರಲ್ಲಿ ಸ್ಥಾಪನೆಯಾದ ಬರ್ಲಿನ್ ವಿಶ್ವವಿದ್ಯಾಲಯದಂಥ ಸಂಸ್ಥೆಗಳಲ್ಲಿ, ರೂಪು ಪಡೆಯಿತು. ಅಮೆರಿಕದಲ್ಲಿ ಯೇಲ್ ವಿಶ್ವವಿದ್ಯಾಲಯ ಅದನ್ನು ಮೊದಲಿಗೆ ನೀಡಿದ್ದು 1861ರಲ್ಲಿ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ಈ ಪದವಿಯನ್ನು ಒಪ್ಪಿಕೊಂಡದ್ದು 1917ರಲ್ಲಿ. ಜರ್ಮನ್ ಭಾಷೆಯಲ್ಲಿ ಮಾರ್ಗದರ್ಶಕರಿಗೆ ‘ಡಾಕ್ಟರ್‌ಫಾಟರ್’ ಎಂಬ ಹೆಸರಿದೆ. ಡಾಕ್ಟರೇಟಿನ ತಂದೆ ಎಂದು ಅದರ ಅರ್ಥ. ಮಹಿಳೆಯರು ಮಾರ್ಗದರ್ಶಕರಾದ ಮೇಲೆ ‘ಡಾಕ್ಟರ್‌ಮುಟರ್’ ಎಂಬ ಮಾತೂ ಬಳಕೆಗೆ ಬಂತು. ಹೆಸರು ಆಪ್ತವಾಗಿದೆ, ನಿಜ. ಆದರೆ ತಂದೆ ಮಗನಿಗೆ ವಾರಕ್ಕೆ ಎಷ್ಟು ಗಂಟೆ ಕೊಡಬೇಕು ಎಂದು ಯಾರೂ ಬರೆದಿಡುವುದಿಲ್ಲ, ಮಗ ತಂದೆಯನ್ನು ಬದಲಾಯಿಸುವಂತೆಯೂ ಇಲ್ಲ. ಆ ಒಂದು ಪದದೊಳಗೆ ಈ ಸಂಬಂಧದ ಬೆಚ್ಚಗಿನ ಗುಣವೂ ಇದೆ, ಅದರ ತೊಡಕೂ ಇದೆ.

ಮನೆತನದ ಈ ಭಾಷೆಯಿಂದ ಒಪ್ಪಂದದ ಭಾಷೆಗೆ ಬರಲು ಬಹಳ ಕಾಲ ಹಿಡಿಯಿತು. 2005ರಲ್ಲಿ ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಲ್ಲಿ ನಡೆದ ಸಮಾಲೋಚನೆಯಲ್ಲಿ ಯುರೋಪಿನ ಡಾಕ್ಟರೇಟ್ ಶಿಕ್ಷಣಕ್ಕಾಗಿ ಹತ್ತು ತತ್ತ್ವಗಳನ್ನು ಗೊತ್ತುಪಡಿಸಲಾಯಿತು. ಅವುಗಳಲ್ಲೊಂದು, ಮಾರ್ಗದರ್ಶನ ಮತ್ತು ಮೌಲ್ಯಮಾಪನಗಳು ಸಂಶೋಧಕ, ಮಾರ್ಗದರ್ಶಕ ಮತ್ತು ಸಂಸ್ಥೆ ಈ ಮೂವರ ಹೊಣೆಗಳನ್ನು ಪಾರದರ್ಶಕವಾಗಿ ನಿಗದಿಪಡಿಸುವ ಒಪ್ಪಂದದ ಚೌಕಟ್ಟಿನಲ್ಲಿ ನಡೆಯಬೇಕು ಎನ್ನುತ್ತದೆ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೂರನೆಯ ಪಕ್ಷ. ಅಲ್ಲಿಯವರೆಗೆ ಸಂಸ್ಥೆ ನೋಂದಣಿ ಮಾಡಿಸಿಕೊಂಡು, ಕೊನೆಗೆ ಪದವಿ ಪ್ರದಾನ ಮಾಡಿ, ನಡುವಿನ ವರ್ಷಗಳನ್ನು ಇಬ್ಬರು ವ್ಯಕ್ತಿಗಳ ಖಾಸಗಿ ವ್ಯವಹಾರವೆಂದು ಬಿಟ್ಟುಬಿಡುವುದಕ್ಕೆ ಅವಕಾಶವಿತ್ತು.

ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2009, 2016 ಮತ್ತು 2022ರಲ್ಲಿ ಪಿಎಚ್.ಡಿ. ನಿಯಮಾವಳಿಗಳನ್ನು ಹೊರಡಿಸಿದೆ. ಈಗ ಜಾರಿಯಲ್ಲಿರುವ 2022ರ ನಿಯಮಾವಳಿಯ ಪ್ರಕಾರ ಒಬ್ಬ ಪ್ರಾಧ್ಯಾಪಕರು ಒಂದು ಹೊತ್ತಿಗೆ 8 ಮಂದಿಗೆ, ಸಹ ಪ್ರಾಧ್ಯಾಪಕರು 6 ಮಂದಿಗೆ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಇದರ ಮೇಲೆ ಇಬ್ಬರು ವಿದೇಶಿ ಸಂಶೋಧಕರನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಲು ಅವಕಾಶವಿದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಈ ಮಿತಿ ಬೇಕೇಬೇಕು. ಆದರೆ ಮಿತಿಯೊಳಗಿದ್ದ ಮಾತ್ರಕ್ಕೆ ಸಮಯ ಸಿಕ್ಕಿತೆಂದು ತಿಳಿಯುವಂತಿಲ್ಲ. ಎಂಟು ಮಂದಿ ತಿಂಗಳಿಗೆ 40 ಪುಟದ ಒಂದೊಂದು ಕರಡು ಕೊಟ್ಟರೆಂದು ಇಟ್ಟುಕೊಳ್ಳೋಣ. ಒಟ್ಟು 320 ಪುಟ. ಪುಟಕ್ಕೆ ನಾಲ್ಕು ನಿಮಿಷದಂತೆ ಓದಿ ಗುರುತು ಹಾಕಿದರೂ 21 ಗಂಟೆಗೂ ಮಿಕ್ಕಿದ ಕೆಲಸ, ಅದೂ ಪಾಠ, ಪರೀಕ್ಷೆ, ಆಡಳಿತ, ಸ್ವಂತ ಸಂಶೋಧನೆಗಳ ನಡುವೆ. ಎಂಟು ಎಂಬ ಅಂಕಿ ಗರಿಷ್ಠ ಮಿತಿಯಾಗಿ ಬರೆಯಲ್ಪಟ್ಟದ್ದು. ಆದರೆ ಆ ಎಂಟನ್ನೂ ತುಂಬಿಸಿಕೊಳ್ಳುವುದೇ ಹಿರಿಮೆ ಎಂದು ಭಾವಿಸುವ ಅಧ್ಯಾಪಕರು ಕಡಿಮೆಯೇನಿಲ್ಲ.

ಸಂಖ್ಯೆಯನ್ನು ಎಣಿಸಬಹುದು, ಭೇಟಿಯನ್ನು ಎಣಿಸುವುದು ಅಷ್ಟು ಸುಲಭವಲ್ಲ. ಆದ್ದರಿಂದಲೇ ಎಷ್ಟೋ ವಿಶ್ವವಿದ್ಯಾಲಯಗಳು ಮಾರ್ಗದರ್ಶನದ ಪ್ರತಿ ಭೇಟಿಗೂ ಲಿಖಿತ ದಾಖಲೆ ಇರಬೇಕೆಂದು ಕೇಳುತ್ತವೆ. ಇಂಥ ದಾಖಲೆಯ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಒಳಗಿನ ಕಥೆ ತಿಳಿಯುತ್ತದೆ. ಮೇಲೆ ದಿನಾಂಕ, ಅದರ ಕೆಳಗೆ ಆ ದಿನ ಯಾವ ಬರಹವನ್ನು ಇಟ್ಟುಕೊಂಡು ಮಾತಾಡಿದರು, ಯಾವ ವಿಷಯದಲ್ಲಿ ಒಪ್ಪಿಗೆಯಾಗಲಿಲ್ಲ, ಮುಂದಿನ ಭೇಟಿಯೊಳಗೆ ಸಂಶೋಧಕ ಏನು ಮಾಡಬೇಕು, ಮಾರ್ಗದರ್ಶಕ ಏನು ಮಾಡಬೇಕು, ಕೊನೆಯಲ್ಲಿ ಇಬ್ಬರ ಸಹಿ. ‘ಮೂರನೆಯ ಕೋಷ್ಟಕದ ಮಾಪನವನ್ನು ಇನ್ನೊಮ್ಮೆ ಮಾಡಿ ನೋಡುವುದು, ಪ್ರಶ್ನಾವಳಿಯ ಏಳನೆಯ ಪ್ರಶ್ನೆಯನ್ನು ಎರಡಾಗಿ ಒಡೆಯುವುದು’ ಎಂದು ಬರೆದ ಹಾಳೆ ಸುಳ್ಳು ಹೇಳಲಾರದು. ಅದೇ, ‘ಪ್ರಗತಿ ತೃಪ್ತಿಕರ’ ಎಂಬ ಎರಡು ಪದಗಳ ಕೆಳಗೆ ಹನ್ನೆರಡು ತಿಂಗಳ ಹನ್ನೆರಡು ಸಹಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಬಿದ್ದಿದ್ದರೆ ಅವೆಲ್ಲವನ್ನೂ ಒಂದೇ ಕೂರಿಕೆಯಲ್ಲಿ ಹಾಕಿ ಮುಗಿಸಿದ್ದಾರೆಂದು ಗುರುತಿಸಲು ಕೈಬರಹ ತಜ್ಞರು ಬೇಕಾಗಿಲ್ಲ. ಈ ಹಾಳೆಯನ್ನು ಸಂಶೋಧಕರೇ ಬರೆದು, ಮಾರ್ಗದರ್ಶಕರು ಓದಿ ತಿದ್ದಿ ಸಹಿ ಹಾಕುವ ಕ್ರಮ ಮೇಲು ಎಂಬುದು ನನ್ನ ಅನುಭವ. ಮಾರ್ಗದರ್ಶಕರು ಹೇಳಿದ್ದು ಒಂದು, ಸಂಶೋಧಕರು ಕೇಳಿಸಿಕೊಂಡದ್ದು ಇನ್ನೊಂದು ಎಂಬುದು ಆ ಬರಹದಲ್ಲಿ ಎಷ್ಟೋ ಸಲ ಅಲ್ಲಿಯೇ ಬಯಲಾಗುತ್ತದೆ.

ದಾಖಲೆಗಿಂತಲೂ ದೊಡ್ಡ ಪ್ರಶ್ನೆ ಎರಡನೆಯ ವ್ಯಕ್ತಿಯದು. ಸಂಶೋಧಕರ ವಿಷಯ, ಫೆಲೋಶಿಪ್ಪಿನ ಬಿಲ್ಲಿನ ಸಹಿ, ಪ್ರಗತಿ ವರದಿ, ಮುಂದೆ ಕೆಲಸ ಹುಡುಕುವಾಗ ಬೇಕಾಗುವ ಶಿಫಾರಸು ಪತ್ರ, ಇವೆಲ್ಲವೂ ಒಬ್ಬರ ಕೈಯಲ್ಲೇ ಸೇರಿಕೊಂಡಾಗ ಆ ಒಬ್ಬರ ವಿರುದ್ಧ ದೂರುವುದಿರಲಿ, ಅವರ ಅಭಿಪ್ರಾಯಕ್ಕೆ ಸಣ್ಣ ಆಕ್ಷೇಪ ಎತ್ತುವುದಕ್ಕೂ ಸಂಶೋಧಕರು ಹಿಂಜರಿಯುತ್ತಾರೆ. ಸ್ವೀಡನ್ನಿನ ಉನ್ನತ ಶಿಕ್ಷಣ ನಿಯಮಾವಳಿ ಈ ತೊಡಕನ್ನು ನೇರವಾಗಿ ಕೈಗೆತ್ತಿಕೊಂಡಿದೆ. ಅಲ್ಲಿ ಪ್ರತಿಯೊಬ್ಬ ಸಂಶೋಧಕರಿಗೂ ಕನಿಷ್ಠ ಇಬ್ಬರು ಮಾರ್ಗದರ್ಶಕರಿರಬೇಕು, ಅವರಲ್ಲಿ ಒಬ್ಬರು ಮುಖ್ಯರು. ಸಂಶೋಧಕರು ಕೇಳಿಕೊಂಡರೆ ಮಾರ್ಗದರ್ಶಕರನ್ನು ಬದಲಾಯಿಸಿಕೊಡಬೇಕು. ಫ್ರಾನ್ಸಿನಲ್ಲಿ ಪ್ರತಿ ಸಂಶೋಧಕರಿಗೂ ಅವರ ಕೆಲಸ ಹೇಗೆ ಸಾಗುತ್ತಿದೆ ಎಂದು ಗಮನಿಸುವ ಒಂದು ಪ್ರತ್ಯೇಕ ಸಮಿತಿ ಇರುತ್ತದೆ. ಅಲ್ಲಿನ ನಿಯಮದ 2022ರ ತಿದ್ದುಪಡಿಯ ಪ್ರಕಾರ ಆ ಸಮಿತಿಯ ಸಂದರ್ಶನ ಮೂರು ಹಂತಗಳಲ್ಲಿ ನಡೆಯಬೇಕು: ಮೊದಲು ಸಂಶೋಧಕರು ತಮ್ಮ ಕೆಲಸವನ್ನು ಮಂಡಿಸಿ ಚರ್ಚಿಸುತ್ತಾರೆ, ಆಮೇಲೆ ಸಮಿತಿ ಮಾರ್ಗದರ್ಶಕರನ್ನು ಹೊರಗಿಟ್ಟು ಸಂಶೋಧಕರೊಂದಿಗೆ ಮಾತನಾಡುತ್ತದೆ, ಕೊನೆಗೆ ಸಂಶೋಧಕರನ್ನು ಹೊರಗಿಟ್ಟು ಮಾರ್ಗದರ್ಶಕರೊಂದಿಗೆ. ಆ ನಡುವಿನ ಹಂತವೇ ಇಡೀ ವ್ಯವಸ್ಥೆಯ ಜೀವಾಳ. ಬಾಗಿಲು ಮುಚ್ಚಿದ ಆ ಕೋಣೆಯಲ್ಲಿ ‘ಎಲ್ಲ ಚೆನ್ನಾಗಿದೆ’ ಎಂದು ಹೇಳುವವರೂ ಇರುತ್ತಾರೆ. ಆದರೆ ಹಾಗೆ ಹೇಳಲೇಬೇಕಾದ ಒತ್ತಡ ಅಲ್ಲಿಲ್ಲ.

ನಮ್ಮ ಯುಜಿಸಿ ನಿಯಮಾವಳಿಯಲ್ಲಿಯೂ ಪ್ರತಿ ಸಂಶೋಧಕರಿಗೆ ಸಂಶೋಧನಾ ಸಲಹಾ ಸಮಿತಿಯಿದೆ. ಸೆಮಿಸ್ಟರಿಗೊಮ್ಮೆ ಅದರ ಮುಂದೆ ಹಾಜರಾಗಿ ಪ್ರಗತಿಯನ್ನು ಮಂಡಿಸಬೇಕು. ಸಮಿತಿಯ ಸಂಚಾಲಕರು ಮಾರ್ಗದರ್ಶಕರೇ. ವಿಷಯದ ಚರ್ಚೆಗೆ ಇದರಿಂದ ಅನುಕೂಲವುಂಟು, ಏಕೆಂದರೆ ಕೆಲಸದ ಒಳಹೊರಗು ಬಲ್ಲವರು ಅವರೇ. ಆದರೆ ಕರಡು ಏಳು ತಿಂಗಳು ಮೇಜಿನ ಮೇಲೆ ಕೂತಿತ್ತು ಎಂಬ ಮಾತನ್ನು, ಅದನ್ನು ಕೂರಿಸಿದವರೇ ಕರೆದ ಸಭೆಯಲ್ಲಿ ಸಂಶೋಧಕರು ಹೇಗೆ ಎತ್ತಬೇಕು? ಸಭೆಯ ಕೊನೆಯ ಹತ್ತು ನಿಮಿಷ ಸಂಚಾಲಕರು ಹೊರಗೆ ಹೋಗಿ ಕಾಯುವ ಪದ್ಧತಿಯನ್ನು ಯಾವ ವಿಶ್ವವಿದ್ಯಾಲಯವಾದರೂ ತನ್ನ ಮಟ್ಟದಲ್ಲೇ ತರಬಹುದು, ಅದಕ್ಕೆ ಖರ್ಚೂ ಇಲ್ಲ.

ಇನ್ನು ಸಂಶೋಧಕರ ಸಮಯ. ಡಾಕ್ಟರೇಟ್ ಮಾಡುವವರು ಕಿರಿಯ ತರಗತಿಗಳಿಗೆ ಟ್ಯುಟೋರಿಯಲ್ ನಡೆಸುವುದು, ಪ್ರಯೋಗಾಲಯದಲ್ಲಿ ನೆರವಾಗುವುದು ಬಹಳ ದೇಶಗಳಲ್ಲಿ ರೂಢಿ. ಯುಜಿಸಿ ನಿಯಮಾವಳಿ ಎಲ್ಲ ಸಂಶೋಧಕರೂ ತಮ್ಮ ವಿಷಯದ ಬೋಧನೆ ಅಥವಾ ಬರವಣಿಗೆಯ ತರಬೇತಿ ಪಡೆಯಬೇಕೆನ್ನುತ್ತದೆ. ಅದರ ಜೊತೆಗೆ ಟ್ಯುಟೋರಿಯಲ್, ಪ್ರಯೋಗಾಲಯ ಮತ್ತು ಮೌಲ್ಯಮಾಪನದ ಕೆಲಸವನ್ನು ವಾರಕ್ಕೆ 4ರಿಂದ 6 ಗಂಟೆ ವಹಿಸಬಹುದು ಎನ್ನುತ್ತದೆ. ಸ್ವೀಡನ್ನಿನಲ್ಲಿ ಡಾಕ್ಟರೇಟ್ ಹುದ್ದೆಯಲ್ಲಿರುವವರಿಗೆ ಕೊಡುವ ಬೋಧನೆ ಮೊದಲಾದ ಇತರ ಕೆಲಸ ಪೂರ್ಣಾವಧಿಯ ಶೇಕಡಾ 20ನ್ನು ಮೀರುವಂತಿಲ್ಲ.

ಇಲ್ಲಿ ಗಂಟೆ ಎಂಬ ಅಳತೆಯೇ ಮೋಸ ಮಾಡುತ್ತದೆ. ಮೊದಲ ಸಲ ಟ್ಯುಟೋರಿಯಲ್ ತೆಗೆದುಕೊಳ್ಳುವವರನ್ನು ಹತ್ತಿರದಿಂದ ನೋಡಿ. ಒಂದು ಗಂಟೆಯ ತರಗತಿಗಾಗಿ ಹಿಂದಿನ ದಿನ ಸಂಜೆಯಿಡೀ ಲೆಕ್ಕಗಳನ್ನು ತಾವೇ ಬಿಡಿಸಿ ನೋಡುತ್ತಾರೆ, ವಿದ್ಯಾರ್ಥಿಗಳು ಕೇಳಬಹುದಾದ ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಾಲ್ವರು ನಿಲ್ಲಿಸಿಕೊಂಡು ಇನ್ನರ್ಧ ಗಂಟೆ ಕೇಳುತ್ತಾರೆ. ಆಮೇಲೆ ತಿದ್ದಬೇಕಾದ ಅರವತ್ತು ಉತ್ತರ ಪತ್ರಿಕೆಗಳ ಕಟ್ಟು. ಸಿದ್ಧತೆ ಮತ್ತು ಮೌಲ್ಯಮಾಪನಗಳು ಆ ಆರು ಗಂಟೆಯ ಒಳಗೋ ಹೊರಗೋ ಎಂಬುದನ್ನು ವಿಭಾಗ ಸ್ಪಷ್ಟವಾಗಿ ಹೇಳದಿದ್ದರೆ ಆರು ಗಂಟೆ ಹದಿನೈದಾಗಲು ಹೆಚ್ಚು ವಾರಗಳು ಬೇಕಾಗಿಲ್ಲ. ಮಾರ್ಗದರ್ಶಕರ ಬದಲಿಗೆ ಅವರ ತರಗತಿಗೆ ಹೋಗುವುದು, ಅವರ ಪುಸ್ತಕದ ಕರಡಚ್ಚು ತಿದ್ದುವುದು, ಅವರ ವಿಚಾರ ಸಂಕಿರಣಕ್ಕೆ ಬ್ಯಾನರ್ ಕಟ್ಟಿಸುವುದು, ಇವು ಯಾವ ನಿಯಮದ ಯಾವ ಗಂಟೆಯೊಳಗೂ ಸೇರುವುದಿಲ್ಲ. ಹಾಗಿದ್ದರೂ ನಡೆಯುತ್ತವೆ. ಪಾಠ ಹೇಳುವುದರಿಂದ ಸಂಶೋಧಕರು ತಮ್ಮ ವಿಷಯವನ್ನು ತಾವೇ ಗಟ್ಟಿಯಾಗಿ ಕಲಿಯುತ್ತಾರೆ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ; ಆ ಕಲಿಕೆಯ ಹೆಸರಿನಲ್ಲಿ ವಿಭಾಗದ ಖಾಲಿ ಹುದ್ದೆಗಳನ್ನು ಅವರಿಂದ ತುಂಬಿಸಿಕೊಳ್ಳುವುದನ್ನು ಒಪ್ಪಲಾರೆ.

ಒಟ್ಟು ಅವಧಿಯ ವಿಷಯದಲ್ಲಿ ನಮ್ಮ ನಿಯಮ ಸಾಕಷ್ಟು ಉದಾರವಾಗಿದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು; ಮರುನೋಂದಣಿಯಿಂದ ಇನ್ನೆರಡು; ಮಹಿಳೆಯರಿಗೂ ಶೇಕಡಾ 40ಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವವರಿಗೂ ಮತ್ತೆರಡು. ಮಹಿಳಾ ಸಂಶೋಧಕರಿಗೆ ಹೆರಿಗೆ ಮತ್ತು ಶಿಶುಪಾಲನೆಗಾಗಿ ಒಟ್ಟು 240 ದಿನಗಳವರೆಗೆ ರಜೆಯುಂಟು. ಮಹಾಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಲೇಬೇಕು ಎಂಬ 2016ರ ಷರತ್ತನ್ನು 2022ರಲ್ಲಿ ಕೈಬಿಟ್ಟದ್ದೂ ಸಮಯದ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಆ ಷರತ್ತು ಒಳ್ಳೆಯ ಬೆಳೆಯಾಗಿತ್ತು.

ತಪ್ಪು ಸದಾ ಮಾರ್ಗದರ್ಶಕರದೇ ಎಂದು ಕೇಳುಗರು ಭಾವಿಸಬಾರದು. ಒಂದು ವರ್ಷ ಮುಖವನ್ನೇ ತೋರಿಸದೆ, ಅವಧಿ ಮುಗಿಯುವ ಹದಿನೈದು ದಿನ ಮೊದಲು ಐದು ಅಧ್ಯಾಯಗಳನ್ನು ಒಟ್ಟಿಗೆ ತಂದಿಟ್ಟು ‘ಸಾರ್, ನಾಳಿದ್ದು ಸಬ್ಮಿಟ್ ಮಾಡಬೇಕು’ ಎನ್ನುವವರನ್ನು ನಾನೂ ಕಂಡಿದ್ದೇನೆ. ಕೆಲಸ ಸಾಗದಿದ್ದಾಗ ಸಲಹಾ ಸಮಿತಿ ಕಾರಣಗಳನ್ನು ದಾಖಲಿಸಿ ಪರಿಹಾರ ಸೂಚಿಸಬೇಕು, ಅದನ್ನೂ ಪಾಲಿಸದಿದ್ದರೆ ನಿರ್ದಿಷ್ಟ ಕಾರಣ ಕೊಟ್ಟು ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು ಎಂದು ನಮ್ಮ ನಿಯಮ ಹೇಳುತ್ತದೆ. ಸ್ವೀಡನ್ನಿನಲ್ಲಿ ಸಂಶೋಧಕರು ತಮ್ಮ ಅಧ್ಯಯನ ಯೋಜನೆಯಲ್ಲಿ ಒಪ್ಪಿಕೊಂಡದ್ದನ್ನು ತೀರ ಕಡೆಗಣಿಸಿದರೆ ಮಾರ್ಗದರ್ಶನದ ಹಕ್ಕನ್ನು ಹಿಂದೆಗೆದುಕೊಳ್ಳಬಹುದು. ಹಾಗೆ ಮಾಡುವ ಮೊದಲು ಸಂಶೋಧಕರ ಮಾತನ್ನೂ ಮಾರ್ಗದರ್ಶಕರ ಮಾತನ್ನೂ ಕೇಳಬೇಕು. ಎರಡೂ ಕಡೆ ನಿರ್ಣಯಕ್ಕೆ ಒದಗಿ ಬರುವ ಸಾಕ್ಷಿ ಮಾತ್ರ ಒಂದೇ: ಆಗ ಬರೆದಿಟ್ಟ, ದಿನಾಂಕವಿರುವ ಹಾಳೆಗಳು.

ಆದ್ದರಿಂದ ನನ್ನೊಂದಿಗೆ ಕೆಲಸ ಮಾಡುವ ನಾಲ್ವರು ಸಂಶೋಧಕರ ಜೊತೆ ಮೊದಲ ಭೇಟಿಯಲ್ಲೇ ಒಂದು ಸಾಲನ್ನು ಬರೆದುಕೊಂಡಿದ್ದೇನೆ. ನಿಯಮ ಪುಸ್ತಕದಲ್ಲಿ ನಾನು ಹುಡುಕಿ ಕಾಣದೆ ಹೋದ ಸಾಲು ಅದು. ಕರಡು ಕೊಟ್ಟ 21 ದಿನಗಳೊಳಗೆ ಅದನ್ನು ಓದಿ ಮರಳಿಸಬೇಕು. ಆಗದಿದ್ದರೆ ಯಾವಾಗ ಆಗುತ್ತದೆಂದು ಅಷ್ಟರೊಳಗೆ ತಿಳಿಸಬೇಕು. ಕಳೆದ ವರ್ಷ ನಾನು ಎರಡು ಸಲ ತಪ್ಪಿದೆ. ಎರಡೂ ದಾಖಲೆಯಲ್ಲಿವೆ. ಅವುಗಳಲ್ಲೊಂದರಲ್ಲಿ ಸಂಶೋಧಕಿಯೊಬ್ಬರು ತಮ್ಮ ದುಂಡನೆಯ ಅಕ್ಷರದಲ್ಲಿ ‘ಕರಡು 33ನೆಯ ದಿನ ಮರಳಿತು’ ಎಂದಷ್ಟೇ ಬರೆದು ನನ್ನ ಮುಂದಿಟ್ಟರು. ಓದಿ, ಅದರ ಕೆಳಗೆ ಸಹಿ ಹಾಕಿದೆ.

ನಮಸ್ಕಾರ.