ಎರಡನೇ ಕೌಂಟರಿನಲ್ಲಿ ಒನಕೆ

ನಮಸ್ಕಾರ ಕೇಳುಗರೆ. ಈ ಮಾತನ್ನು ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೂ ಆಗುತ್ತೆ ಅಂದಿದ್ದರು. ಮೂರು ಸಲ ಕೂತೆ. ಮೊದಲನೇ ಸಲ ಕುಕ್ಕರ್ ಕೂಗಿತು. ಎರಡನೇ ಸಲ ಸೊಪ್ಪಿನವಳು ಕೂಗಿದಳು. ಮೂರನೇ ಸಲ ನಾನೇ ಕೂಗಿದೆ, ಬಚ್ಚಲಲ್ಲಿ ಅರ್ಧ ಗಂಟೆಯಿಂದ ನೀರಾಟ ಆಡುತ್ತಿದ್ದ ಮಗಳ ಮೇಲೆ. ಹಾಗಾಗಿ ಸ್ಟುಡಿಯೋಗೇ ಬಂದುಬಿಟ್ಟೆ. ಇಲ್ಲಿ ಎಷ್ಟು ನಿಶ್ಶಬ್ದ ಅಂದರೆ, ಓದೋದು ಬಿಟ್ಟು ಸುಮ್ನೆ ಕೂತಿರೋಣ ಅನ್ನಿಸುತ್ತಿದೆ.

ಇದೇ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು, ಅದಕ್ಕೆ ಆಕಾಶವಾಣಿ ಅಂತ ಹೆಸರಾಯಿತು. ಮನೆಯಿಂದಲೇ ಕೆಲಸ! ಅವರ ಪ್ರಸಾರದ ಮಧ್ಯೆ ಯಾವತ್ತಾದರೂ ಒಗ್ಗರಣೆ ಸದ್ದು ಬಂದಿದ್ದರೆ ನನಗೆ ಎಷ್ಟೋ ಸಮಾಧಾನ.

ಸರಿ, ಒನಕೆ ವಿಷಯಕ್ಕೆ ಬರುತ್ತೇನೆ.

ನವೆಂಬರ್ ತಿಂಗಳು. ರಾತ್ರಿ ಒಂಬತ್ತೂ ಇಪ್ಪತ್ತು. ಪಾತ್ರೆ ತೊಳೆದು, ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು, ಅಬ್ಬಾ ಅಂತ ಫೋನ್ ಕೈಗೆ ತಗೊಂಡೆ. ಮಗಳ ಶಾಲೆಯಿಂದ ಸಂದೇಶ ಬಂದಿದೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ರಾಜ್ಯೋತ್ಸವದ ಛದ್ಮವೇಷ. ಕಳಿಸಿದ್ದು ಮಧ್ಯಾಹ್ನ ಎರಡಕ್ಕೆ. ಆ ಹೊತ್ತಿಗೆ ನಾನು ಬ್ಯಾಂಕಿನ ಕೌಂಟರಿನಲ್ಲಿ ಒಬ್ಬರ ಹರಿದ ಐನೂರರ ನೋಟನ್ನು ಜೋಡಿಸಿ ನೋಡುತ್ತಿದ್ದೆ.

"ಪುಟ್ಟೀ, ನಾಳೆ ಛದ್ಮವೇಷ ಅಂತೆ?"

"ಹೌದಮ್ಮಾ, ನಾನು ಒನಕೆ ಓಬವ್ವ. ಮಿಸ್‌ಗೆ ಹೇಳಿ ಆಯ್ತು. ನಮ್ಮನೇಲಿ ಒನಕೆ ಇದೆ ಅಂತಾನೂ ಹೇಳಿದೀನಿ."

ನಮ್ಮನೆಯಲ್ಲಿ ಮಿಕ್ಸಿ ಇದೆ. ಗ್ರೈಂಡರ್ ಇದೆ. ಲಟ್ಟಣಿಗೆ ಇದೆ. ಒನಕೆ ಎಲ್ಲಿಂದ ಬರಬೇಕು? ಅತ್ತೆಗೆ ಫೋನ್ ಮಾಡಿದೆ, ಅವರು ಹಾಸನದಲ್ಲಿರೋದು. ತಪ್ಪಾಯಿತು. "ಒನಕೆ ಇತ್ತಮ್ಮಾ, ನಮ್ಮತ್ತೆ ಕಾಲದ್ದು, ಬಗಣಿ ಮರದ್ದು. ಮನೆ ಖಾಲಿ ಮಾಡುವಾಗ ಇದೆಲ್ಲಾ ಯಾಕೆ ಅಂತ ಕೊಟ್ಟುಬಿಡಿಸಿದ್ದು ಯಾರು?" ಅಂದರು. ಯಾರು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಹಳೇ ಸಾಮಾನು ಕೊಡುವಾಗ ಸೊಸೆಯಾದವಳು ಯೋಚನೆ ಮಾಡಬೇಕು, ಅದು ಯಾವತ್ತಾದರೂ ಛದ್ಮವೇಷಕ್ಕೆ ಬೇಕಾಗೇ ಆಗುತ್ತದೆ.

ಅಕ್ಕಪಕ್ಕದ ನಾಲ್ಕು ಮನೆ ಬಾಗಿಲು ತಟ್ಟಿದೆ. ರಾತ್ರಿ ಹತ್ತಕ್ಕೆ ಒಬ್ಬ ಹೆಂಗಸು ನೈಟಿ ಮೇಲೆ ದುಪಟ್ಟಾ ಹೊದ್ದುಕೊಂಡು ಬಂದು ಒನಕೆ ಇದೆಯಾ ಅಂತ ಕೇಳಿದರೆ ಯಾರೂ ಮೊದಲು ಒನಕೆ ಬಗ್ಗೆ ಯೋಚನೆ ಮಾಡೋದಿಲ್ಲ. ಎದುರು ಮನೆಯವರು ನನ್ನ ಹಿಂದೆ ನಮ್ಮನೆಯವರು ಕಾಣಿಸುತ್ತಾರಾ, ಮೈಕೈ ಸರಿಯಾಗಿದೆಯಾ ಅಂತ ಇಣುಕಿ ನೋಡಿದರು. ಕೊನೆಗೆ ಕೆಳಗಿನ ಟೈಲರ್ ಅಂಗಡಿಯಣ್ಣ ಶಟರ್ ಎಳೆಯುವ ಹೊತ್ತಿಗೆ ಸಿಕ್ಕಿದರು. ಬಟ್ಟೆ ಥಾನು ಸುತ್ತಿ ಬರುತ್ತಲ್ಲ, ಉದ್ದನೆಯ ರಟ್ಟಿನ ಕೊಳವೆ, ಅದನ್ನು ಕೊಟ್ಟರು. ನಾನು ಅದನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತುವಾಗ ಕೋಟೆ ಗೆದ್ದ ಹಾಗಿತ್ತು.

ಪುಸ್ತಕಕ್ಕೆ ಹಾಕುವ ಕಂದು ರಟ್ಟಿನ ಕಾಗದ ಸುತ್ತಿದೆವು. ಒನಕೆಯ ತುದಿಗೆ ಕಬ್ಬಿಣದ ಬಳೆ ಇರಬೇಕಲ್ಲ, ಅದಕ್ಕೆ ಚಪಾತಿ ಸುತ್ತುವ ಬೆಳ್ಳಿ ಹಾಳೆ. ಅಂಟು ಒಣಗುವವರೆಗೆ ಪುಟ್ಟಿಗೆ ಕಥೆ ಹೇಳಿದೆ. ಚಿತ್ರದುರ್ಗದ ಕೋಟೆ. ಹೈದರಾಲಿಯ ಸೈನ್ಯ ಸುತ್ತ ಬಂದು ಕೂತಿದೆ. ಓಬವ್ವನ ಗಂಡ ಕೋಟೆ ಕಾವಲಿನವನು, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಾನೆ. ಮನೆಯಲ್ಲಿ ಕುಡಿಯುವ ನೀರಿಲ್ಲ. ಓಬವ್ವ ನೀರು ತರಲು ಹೋದಾಗ ನೋಡುತ್ತಾಳೆ, ಬಂಡೆ ಮಧ್ಯದ ಕಿಂಡಿಯಿಂದ ಒಬ್ಬೊಬ್ಬನೇ ಸೈನಿಕ ತೂರಿ ಬರುತ್ತಿದ್ದಾನೆ. ಊಟಕ್ಕೆ ಕೂತ ಗಂಡನನ್ನು ಎಬ್ಬಿಸೋದು ಬೇಡ ಅಂತ ಒನಕೆ ಹಿಡಿದು ಕಿಂಡಿ ಪಕ್ಕ ನಿಂತಳು.

ಆ ಕಿಂಡಿ ಈಗಲೂ ಇದೆ, ಓಬವ್ವನ ಕಿಂಡಿ ಅಂತಲೇ ಕರೆಯುತ್ತಾರೆ. ನವೆಂಬರ್ 11ಕ್ಕೆ ಸರ್ಕಾರದ ಜಯಂತಿಯೂ ಇದೆ.

ಪುಟ್ಟಿ ಯೋಚನೆ ಮಾಡಿದಳು. "ಅಮ್ಮಾ, ನೀರು ಅವಳ ಗಂಡನೇ ಯಾಕೆ ತಂದ್ಕೊಳ್ಳಲಿಲ್ಲ?"

ನಮ್ಮನೆಯವರು ಆಗ ಮೊಸರನ್ನ ಊಟ ಮಾಡುತ್ತಿದ್ದರು. ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಲೋಟ ಖಾಲಿ ಇತ್ತು. ನಾನು ಏನೂ ಹೇಳಲಿಲ್ಲ. ಅವರೇ ಎದ್ದು ಹೋಗಿ ನೀರು ಬಗ್ಗಿಸಿಕೊಂಡು ಬಂದರು. ಒಳ್ಳೆಯ ಮನುಷ್ಯ ರೀ, ಸುಮ್ನೆ ಹೇಳಬಾರದು. ಒನಕೆಗೆ ಬೆಳ್ಳಿ ಹಾಳೆ ಸುತ್ತಿದ್ದೂ ಅವರೇ.

ಬೆಳಿಗ್ಗೆ ಏನಾಯಿತು ಅಂತ ವಿವರ ಬೇಡ, ಎಲ್ಲರ ಮನೆಯಲ್ಲೂ ಆಗುವುದೇ. ಒಂದು ಸಾಕ್ಸ್ ಸಿಗಲಿಲ್ಲ, ದೋಸೆ ಸೀದಿತು, ಏಳೂವರೆಗೆ ಅವರು ನಂಜನಗೂಡಿನ ಫ್ಯಾಕ್ಟರಿಗೆ ಹೋದರು, ಎಂಟಕ್ಕೆ ಪುಟ್ಟಿ ವ್ಯಾನ್ ಹತ್ತಿದಳು. ಕಚ್ಚೆ ಸೀರೆ, ಕುಂಕುಮ, ಬಳೆ ಎಲ್ಲಾ ಚೀಲದಲ್ಲಿ ಹೋಯಿತು. ಬಾಗಿಲು ಹಾಕಲು ಹೋದರೆ ಹಿಂದೆ ಒನಕೆ ನಿಂತಿದೆ.

ಹೆರಿಗೆ ರಜೆಯನ್ನು 2017ರಲ್ಲಿ ಕಾನೂನು ತಿದ್ದಿ 12 ವಾರದಿಂದ 26 ವಾರಕ್ಕೆ ಏರಿಸಿದರು, ಸಂತೋಷ. ಆದರೆ ಮಗು ಹುಟ್ಟಿದಾಗಿನ ಕೆಲಸ ಏನೂ ಅಲ್ಲ ಸ್ವಾಮಿ. ಮಗು ಎರಡನೇ ಕ್ಲಾಸಿಗೆ ಬಂದ ಮೇಲೆ ನೋಡಬೇಕು. ಅದಕ್ಕೆ ಅರ್ಧ ದಿನ ರಜೆಯೂ ಇಲ್ಲ.

ಒನಕೆ ಹಿಡಿದುಕೊಂಡೇ ಸಿಟಿ ಬಸ್ ಹತ್ತಿದೆ. ಹೆಂಗಸರ ಸೀಟಿನಲ್ಲಿ ಕೂತಿದ್ದ ಇಬ್ಬರು ಗಂಡಸರು ನಾನು ಕೇಳುವ ಮೊದಲೇ ಎದ್ದು ನಿಂತರು. ಇಷ್ಟು ವರ್ಷದಲ್ಲಿ ಇದೇ ಮೊದಲು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆಲ್ಲಾ ಸೊನ್ನೆ ರೂಪಾಯಿ ಟಿಕೆಟ್ ಅಲ್ವಾ, ಕಂಡಕ್ಟರ್ ಆಧಾರ್ ನೋಡಿ ಟಿಕೆಟ್ ಹರಿದು ಕೊಟ್ಟು, ಒನಕೆಯನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ದು ಫ್ರೀ ಮೇಡಂ. ಇವರದ್ದು?" ಅಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಇನ್ನೇನು ಮಾಡಲಿ?

ಬ್ಯಾಂಕಿನ ಬಾಗಿಲಲ್ಲಿ ಸೆಕ್ಯುರಿಟಿಯವರು ತಡೆದರು. "ಮೇಡಂ, ಇದನ್ನ ಒಳಗೆ ಬಿಡಕ್ಕಾಗಲ್ಲ."

"ರಟ್ಟಿಂದಪ್ಪಾ."

ಬೆರಳಿಂದ ಟಕಟಕ ಬಡಿದು ನೋಡಿ ಬಿಟ್ಟರು. ಎರಡನೇ ಕೌಂಟರಿನ ಮೂಲೆಗೆ ಒರಗಿಸಿಟ್ಟೆ. ಒಳಗೆ ನೋಡಿದರೆ ಜಾತ್ರೆ. ನವೆಂಬರ್ ಅಂದರೆ ಪಿಂಚಣಿಯವರು ಜೀವಿತ ಪ್ರಮಾಣ ಪತ್ರ ಕೊಡುವ ತಿಂಗಳು. ತಾನು ಬದುಕಿದ್ದೇನೆ ಅಂತ ವರ್ಷಕ್ಕೊಂದು ಸಲ ಬಂದು ಸಹಿ ಹಾಕಬೇಕು. ನನ್ನನ್ನೂ ಯಾರಾದರೂ ವರ್ಷಕ್ಕೊಂದು ಸಲ ಹಾಗೆ ವಿಚಾರಿಸಿಕೊಂಡರೆ ಚೆನ್ನಾಗಿತ್ತು.

ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿದೆ. ಅವರು ಬಾಯಲ್ಲಿ ಏನೂ ಹೇಳಲಿಲ್ಲ, ಕೈ ಎತ್ತಿ ಸಾಲು ತೋರಿಸಿದರು. ಹನ್ನೊಂದು ಗಂಟೆ. ಸೆಕ್ಯುರಿಟಿಯವರು ಬಂದು, "ಒಂಚೂರು ತಿಂಡಿ ತಿಂದು ಬರ್ತೀನಿ ಮೇಡಂ, ಈ ಕಡೆ ನೋಡ್ಕೊಳ್ಳಿ" ಅಂದರು. ಕಾವಲಿನವನು ಊಟಕ್ಕೆ ಹೋದ. ಒನಕೆ ನನ್ನ ಪಕ್ಕದಲ್ಲಿದೆ. ಕಿಂಡಿಯಿಂದ ಒಬ್ಬೊಬ್ಬರೇ ಬರುತ್ತಿದ್ದಾರೆ, ಕೈಯಲ್ಲಿ ಪಾಸ್‌ಬುಕ್ ಹಿಡಿದುಕೊಂಡು.

ಆಗ ಬಂದರು ನಮ್ಮ ರಿಟೈರ್ಡ್ ಟೀಚರ್ ಅಜ್ಜಿ. ಎಂಟು ವರ್ಷದಿಂದ ನೋಡುತ್ತಿದ್ದೇನೆ, ನನ್ನ ಕೌಂಟರಿಗೇ ಬರುವವರು. ಫಾರಂ ಮುಂದಿಟ್ಟು ಒನಕೆ ಕಡೆ ನೋಡಿದರು. ನನಗೆ ತಡೆಯಲಾಗಲಿಲ್ಲ, ಎಲ್ಲಾ ಹೇಳಿಬಿಟ್ಟೆ. ಅವರು ಒನಕೆ ಕೇಳಿ ತಗೊಂಡು, ನಡುವಿಗೆ ಕೈ ಹಾಕಿ ಎತ್ತಿ ನೋಡಿದರು. "ಇದರಲ್ಲಿ ಸೊಳ್ಳೆನೂ ಸಾಯಲ್ಲ ಕಣೇ" ಅಂದರು. ಆಮೇಲೆ ಯಾವ ಶಾಲೆ ಅಂತ ಕೇಳಿದರು. "ನಮ್ಮನೆ ಹಿಂದಿನ ರಸ್ತೆ. ನಾನು ಹೋಗ್ತಾ ಕೊಟ್ಟು ಹೋಗ್ತೀನಿ. ಮಗು ಹೆಸರು ಬರೆದುಕೊಡು." ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಒನಕೆ ಆಟೋ ಹತ್ತಿತ್ತು, ಅರ್ಧ ಹೊರಗೆ ಚಾಚಿಕೊಂಡು.

ಅವರು ಹೋದ ಮೇಲೆ ನೋಡುತ್ತೇನೆ, ಫಾರಂ ಇಲ್ಲೇ ಇದೆ, ಸಹಿ ಇಲ್ಲ. ನನ್ನ ಮಗಳ ಒನಕೆ ಗಡಿಬಿಡಿಯಲ್ಲಿ ಅಜ್ಜಿ ಬದುಕಿರುವುದೇ ದಾಖಲಾಗಲಿಲ್ಲ. ಮಾರನೇ ದಿನ ಫೋನ್ ಮಾಡಿ ಕರೆಸಿ ಹಾಕಿಸಿಕೊಂಡೆ ಅನ್ನಿ.

ಸಂಜೆ ಮನೆಗೆ ಬಂದರೆ ಪುಟ್ಟಿ ಇನ್ನೂ ಕಚ್ಚೆ ಸೀರೆಯಲ್ಲೇ ಇದ್ದಾಳೆ. ಎರಡನೇ ಬಹುಮಾನ, ಒಂದು ಸ್ಟೀಲ್ ಡಬ್ಬಿ. ಯಾರೋ ಅಜ್ಜಿ ಬಂದಿದ್ದರಂತೆ. ಒನಕೆಯನ್ನು ಕತ್ತಿ ಹಿಡಿದ ಹಾಗೆ ಹಿಡೀಬಾರದು ಅಂತ ಸ್ಟೇಜಿನ ಪಕ್ಕದಲ್ಲೇ ನಿಂತು ಹೇಳಿಕೊಟ್ಟರಂತೆ. ಮಿಸ್‌ಗೂ ಹೇಳಿಕೊಟ್ಟರಂತೆ.

ನಮ್ಮನೆಯವರು ಬಂದರು. ಮೂರೂ ಜನ ಊಟಕ್ಕೆ ಕೂತೆವು. ಪುಟ್ಟಿ ಅಪ್ಪನ ತಟ್ಟೆಯನ್ನೇ ನೋಡುತ್ತಾ ಹೇಳಿದಳು.

"ಅಮ್ಮಾ, ಮುಂದಿನ ವರ್ಷ ನಾನು ಓಬವ್ವನ ಗಂಡ ಆಗ್ತೀನಿ. ನೀನು ಏನೂ ಹುಡುಕೋದು ಬೇಡ. ಒಂದು ತಟ್ಟೆ ಕೊಟ್ಟು ಕಳಿಸು ಸಾಕು."