ಆಷಾಢದ ಗಾಳಿ, ಕಲ್ಪಿಟಿಯದ ಹಿನ್ನೀರು

ಕೇಳುಗರಿಗೆ ನಮಸ್ಕಾರ.

ಆಷಾಢ ಬಂತೆಂದರೆ ದೊಡ್ಡಬಳ್ಳಾಪುರದ ಬಯಲಿನಲ್ಲಿ ಗಾಳಿಪಟಗಳು ಏರುತ್ತವೆ. ಅದೇ ಮುಂಗಾರಿನ ಗಾಳಿ ಶ್ರೀಲಂಕಾದ ವಾಯವ್ಯ ಕರಾವಳಿಯ ಕಲ್ಪಿಟಿಯದಲ್ಲಿ ಪಟ ಹಿಡಿದವನನ್ನೂ ಎಳೆದುಕೊಂಡು ಹೋಗುತ್ತದೆ. ಕೈಟ್‌ಸರ್ಫಿಂಗ್ ಎಂದರೆ ಇಷ್ಟೇ: ಕಾಲಡಿಗೆ ಹಲಗೆ, ಸೊಂಟಕ್ಕೆ ಬಿಗಿದ ಪಟ್ಟಿ, 20 ಮೀಟರಿಗೂ ಮಿಕ್ಕಿದ ದಾರಗಳ ತುದಿಯಲ್ಲಿ ಒಂದು ದೊಡ್ಡ ಪಟ.

ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ ಕಟ್ಟಿಕೊಂಡು ನಿಂತಿರುತ್ತವೆ. ಕಲ್ಪಿಟಿಯಕ್ಕೆ ಅದೇ ಸುಗ್ಗಿಯ ಕಾಲ. ಶ್ರೀಲಂಕಾದ ಒಣ ಪ್ರದೇಶದಲ್ಲಿ ಅದು ಇರುವುದರಿಂದ ಮುಂಗಾರಿನ ಗಾಳಿ ಸಿಗುತ್ತದೆ, ಮಳೆಯ ಕಾಟ ಕಡಿಮೆ. ಅಲೆಗಳು ಕಿರಿದಾದ ಮರಳ ದಿಬ್ಬಕ್ಕೆ ಬಡಿದು ಅಲ್ಲೇ ಮುಗಿಯುತ್ತವೆ. ಗಾಳಿ ಮಾತ್ರ ದಿಬ್ಬ ದಾಟಿ ಒಳಗಿನ ಹಿನ್ನೀರಿಗೆ ಬರುತ್ತದೆ. ನೀರು ಚಾಪೆ ಹಾಸಿದ ಹಾಗೆ. ಬಹಳಷ್ಟು ಕಡೆ ಸೊಂಟದಷ್ಟೇ ಆಳ. ಬಿದ್ದವರು ಎದ್ದು ನಿಲ್ಲಬಹುದು.

ಹೊಸಬರು ಮೋಸಹೋಗುವುದು ಇಲ್ಲಿಯೇ. ನೀರು ಸಾಧುವಾಗಿದೆ ಎಂದರೆ ಗಾಳಿಯೂ ಸಾಧು ಎಂದಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಪಟದ ಎಳೆತ ನಾಲ್ಕು ಪಟ್ಟಾಗುತ್ತದೆ. 12ರಿಂದ 18 ನಾಟ್, ಅಂದರೆ ಗಂಟೆಗೆ ಹೆಚ್ಚುಕಡಿಮೆ 22ರಿಂದ 33 ಕಿಲೋಮೀಟರ್ ವೇಗದ ಗಾಳಿ ಕಲಿಯುವವರಿಗೆ ಸಾಕು. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಗಾಳಿಯೂ ಸೇರಿಕೊಂಡರೆ ಅದು ಅನುಭವಿಗಳ ಆಟ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಕಣದಲ್ಲೇ ಬಿಟ್ಟು ಬನ್ನಿ. ಇನ್ನೊಂದು ಮಾತು: ಮೊಣಕಾಲಿನಷ್ಟು ನೀರಿನಲ್ಲಿ ಮೇಲಿಂದ ಬಿದ್ದರೆ ನೆಲಕ್ಕೆ ಬಿದ್ದಂತೆಯೇ. ತೀರಾ ತೆಳುವಾದ ನೀರು ಕೂಡ ಹೊಸಬರ ಗೆಳೆಯನಲ್ಲ.

ಎದೆಯ ಮುಂದೆ, ಕೈಗೆ ಸಿಗುವಂತೆ, ಸಾಮಾನ್ಯವಾಗಿ ಕೆಂಪು ಬಣ್ಣದ ಒಂದು ಹಿಡಿ ಇರುತ್ತದೆ. ಅದನ್ನು ಬಲವಾಗಿ ಆಚೆ ತಳ್ಳಿದರೆ ಪಟದ ಎಳೆತ ಕಳಚಿಹೋಗುತ್ತದೆ. ನೀರಿಗಿಳಿಯುವ ಮೊದಲು ದಡದಲ್ಲೇ ಕಣ್ಣು ಮುಚ್ಚಿಕೊಂಡು ಹತ್ತು ಸಲ ಅದನ್ನು ಹುಡುಕಿ ತಳ್ಳಿ. ಗಾಬರಿಯಾದಾಗ ಕೆಲಸಕ್ಕೆ ಬರುವುದು ಕೈಯ ರೂಢಿ, ಬುದ್ಧಿಯಲ್ಲ.

ಈ ನೀರನ್ನೇ ನಂಬಿದ ಮೀನುಗಾರರೂ ಇಲ್ಲಿದ್ದಾರೆ. ಬಲೆ, ಗೂಟ ಕಂಡರೆ ದೂರದಿಂದಲೇ ಬಳಸಿಕೊಂಡು ಹೋಗಿ.

ಗಾಳಿಗೆ ಎದುರಾಗಿ ಸಾಗುವುದು ಬೇಗ ಕೈಹತ್ತುವ ವಿದ್ಯೆಯಲ್ಲ. ಆದ್ದರಿಂದ ಮೊದಲ ದಿನಗಳಲ್ಲಿ ಹಲಗೆಯ ಮೇಲೆ ಜಾರಿದ ದೂರಕ್ಕಿಂತ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನೀರಿನಲ್ಲಿ ವಾಪಸು ನಡೆದ ದೂರವೇ ಹೆಚ್ಚು. ತಳದ ಚಿಪ್ಪುಗಳು ಅಂಗಾಲು ಕೊಯ್ಯುತ್ತವೆ. ಚೀಲದಲ್ಲಿ ಬೇರೇನಿಲ್ಲದಿದ್ದರೂ ಒಂದು ಜೊತೆ ರಬ್ಬರ್ ಶೂ ಇರಲಿ.

ನಮಸ್ಕಾರ.