ಪಾರ್ಕಿನ್ಸನ್ ಕಾಯಿಲೆ: ವಂಶವಾಹಿ ಪರೀಕ್ಷೆ ಯಾರಿಗೆ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ಎಪ್ಪತ್ತು ದಾಟಿದ ತಂದೆಗೆ, ಕೈಕಾಲು ನಡುಗಿ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯೆಂದು ತಿಳಿದೊಡನೆ, ಆರೋಗ್ಯವಾಗಿರುವ ಮಕ್ಕಳು ತಾವೂ ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂದು ಕೇಳುವುದು ಸಹಜ. ಬಹುಪಾಲು ಮನೆಗಳಿಗೆ ಅದರ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಉತ್ತರ ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿದ ಅಧ್ಯಯನದಲ್ಲಿಯೂ ಶೇಕಡಾ 13ರಷ್ಟು ಮಂದಿಯಲ್ಲಿ ಮಾತ್ರ ಈ ಕಾಯಿಲೆಗೆ ಸಂಬಂಧಿಸಿದ ವಂಶವಾಹಿ ದೋಷ ಕಂಡುಬಂದಿತು.

ಆದರೆ ನಲವತ್ತರೊಳಗೇ ಕೈಕಾಲು ಬಿಗಿದು, ನಡಿಗೆ ನಿಧಾನವಾದವರ ವಿಷಯ ಬೇರೆ. ತಾಮ್ರದ ಅಂಶ ದೇಹದಲ್ಲಿ ಶೇಖರವಾಗುವ ವಿಲ್ಸನ್ ಕಾಯಿಲೆಯೂ ಹೀಗೆಯೇ ತೋರಬಹುದಾದ್ದರಿಂದ, ಮತ್ತು ಅದಕ್ಕೆ ಔಷಧವಿರುವುದರಿಂದ, ವೈದ್ಯರು ಮೊದಲು ಅದಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅನಂತರದ ಶಂಕೆ ಸಾಮಾನ್ಯವಾಗಿ 1998ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದ ಪಾರ್ಕಿನ್ ವಂಶವಾಹಿಯ ಮೇಲೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿಗಳು ಕೆಟ್ಟಿದ್ದರೆ ಈ ಬಗೆಯ ಕಾಯಿಲೆ ಬರುತ್ತದೆ. ಒಂದೊಂದೇ ಕೆಟ್ಟ ಪ್ರತಿಯುಳ್ಳ ತಂದೆತಾಯಿಗಳು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ಮನೆತನಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ಆದ್ದರಿಂದ 'ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ' ಎಂಬ ಮಾತನ್ನು ಕೇಳಿ ಪರೀಕ್ಷೆಯನ್ನು ಕೈಬಿಡಲಾಗದು. ಪಾರ್ಕಿನ್‌ನಲ್ಲಿ ದೊಡ್ಡ ತುಣುಕುಗಳೇ ಕಳೆದುಹೋಗಿರುವುದುಂಟು. ವಂಶವಾಹಿಯ ರಾಸಾಯನಿಕ ಅಕ್ಷರಗಳ ಕ್ರಮವನ್ನಷ್ಟೇ ಓದುವ ಪರೀಕ್ಷೆಗೆ ಅದು ಸಿಕ್ಕದಿರಬಹುದು. ಪ್ರಯೋಗಾಲಯವನ್ನು ಆರಿಸುವಾಗಲೇ ಇದನ್ನು ವಿಚಾರಿಸಿಕೊಳ್ಳಬೇಕು.

ಹೊರದೇಶದಲ್ಲಿರುವ ನಮ್ಮವರಲ್ಲಿ ಕೆಲವರು ಲಾಲಾರಸವನ್ನು ಅಂಚೆಯಲ್ಲಿ ಕಳುಹಿಸಿ ವರದಿ ತರಿಸಿಕೊಳ್ಳುತ್ತಾರೆ. ಇಂಥ ಪರೀಕ್ಷೆ ಮುಖ್ಯವಾಗಿ ಹುಡುಕುವ ಎಲ್‌ಆರ್‌ಆರ್‌ಕೆ2 ವಂಶವಾಹಿಯ ಮಾರ್ಪಾಡು ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿಯೂ ಉತ್ತರ ಆಫ್ರಿಕಾದವರಲ್ಲಿಯೂ ಹೆಚ್ಚು, ಭಾರತೀಯರಲ್ಲಿ ವಿರಳ. ಅದು ಇಲ್ಲವೆಂಬ ವರದಿಯಿಂದ ನಮ್ಮವರು ನಿಶ್ಚಿಂತರಾಗುವಂತಿಲ್ಲ. ಇದೆಯೆಂದರೂ ಅದನ್ನು ಹೊತ್ತವರಲ್ಲಿ ಅನೇಕರು ಕಾಯಿಲೆಯಿಲ್ಲದೆ ಬಾಳುತ್ತಾರೆ.

ಈ ಕಾಯಿಲೆಯ ಮುಖ್ಯ ಔಷಧವಾದ ಲೆವೊಡೋಪವನ್ನು ಲಕ್ಷಣಗಳನ್ನು ನೋಡಿ ಕೊಡುತ್ತಾರೆಯೇ ಹೊರತು ವಂಶವಾಹಿ ವರದಿಯನ್ನು ನೋಡಿ ಅಲ್ಲ. ಆದರೆ ಜಿಬಿಎ1 ಎಂಬ ಮತ್ತೊಂದು ವಂಶವಾಹಿಯಲ್ಲಿ ದೋಷವಿರುವವರಲ್ಲಿ ನೆನಪು, ವಿವೇಚನೆಗಳು ಬೇಗ ಕುಂದಬಹುದಾದ್ದರಿಂದ ಈ ಕಾಯಿಲೆಯ ನಡುಕ, ಬಿಗಿತಗಳನ್ನು ತಗ್ಗಿಸಲು ಮಾಡುವ ಮಿದುಳಿನ ಶಸ್ತ್ರಚಿಕಿತ್ಸೆಯ ನಿರ್ಧಾರಕ್ಕೆ ಆ ಮಾಹಿತಿ ನೆರವಾಗಬಹುದು.

ಪರೀಕ್ಷೆ ನಡೆಯುವುದೇ ಆದರೆ ಮೊದಲು ರಕ್ತ ಕೊಡಬೇಕಾದವರು ರೋಗಿಯೇ. ಅವರಲ್ಲಿ ನಿರ್ದಿಷ್ಟ ದೋಷ ಸಿಕ್ಕ ಮೇಲಷ್ಟೇ ಒಡಹುಟ್ಟಿದವರ ಮಾತು. ಅದೂ ವಂಶವಾಹಿ ಆಪ್ತಸಮಾಲೋಚಕರೊಡನೆ ಚರ್ಚಿಸಿ, ಅವರವರ ಇಚ್ಛೆಯಂತೆ. ಲಕ್ಷಣಗಳಿಲ್ಲದ ಚಿಕ್ಕ ಮಕ್ಕಳಿಗೆ ಈ ಪರೀಕ್ಷೆ ಸಲ್ಲದು.